ಬಾಟಲಿಯ ಮೇಲಿನ ಮುಖ

ಕಡೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾಲೇಶ ಮರದ ಗಾಣ ಹಾಕಿ ಎಣ್ಣೆ ಅಂಗಡಿ ತೆರೆದಾಗ, ಮಾರಾಟಕ್ಕೆ ನಿಂತವಳು ಅಕ್ಷತಾ. ಬಿ.ಕಾಂ. ಮುಗಿಸಿದ್ದಳು. ಸಖರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಚುರುಕು, ಗಿರಾಕಿಗಳ ಹತ್ತಿರ ತಾಳ್ಮೆ. ಹಾಲೇಶನ ಕಣ್ಣಿಗೆ ಚುಚ್ಚುತ್ತಿದ್ದದ್ದು ಅವಳ ಮುಖ ಮಾತ್ರ. ಮೂಗಿನ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಗಲ್ಲದ ಸುತ್ತ ಸಣ್ಣ ಮೊಡವೆ.

ಅಂಗಡಿಯಲ್ಲಿ ಹಾಲೇಶ ಹೆಚ್ಚು ಓಡಿಸಲು ನೋಡುತ್ತಿದ್ದದ್ದು ಕೊಬ್ಬರಿ ಎಣ್ಣೆಗೆ ಒಂದಿಷ್ಟು ಬೇವಿನೆಣ್ಣೆ ಬೆರೆಸಿದ ಸಣ್ಣ ಬಾಟಲಿ. ಮೊಡವೆಗೆ ಒಳ್ಳೆಯದು ಎಂದು ತಾನೂ ಹೇಳುತ್ತಿದ್ದ, ಅಕ್ಷತಾಳ ಬಾಯಿಂದಲೂ ಹೇಳಿಸುತ್ತಿದ್ದ. ಕೊಂಡವರಿಗಿಂತ ಅವಳ ಮುಖ ನೋಡಿ ಕೆಳಗಿಟ್ಟು ಹೋದವರೇ ಜಾಸ್ತಿ. ಒಬ್ಬ ಹೆಂಗಸಂತೂ ಕೇಳಿಯೇಬಿಟ್ಟಳು: "ನಿಮ್ಮೆಣ್ಣೆ ಅಷ್ಟ್ ಚೆನ್ನಾಗಿದ್ರೆ ನಿನ್ ಮುಖ ಯಾಕವ್ವಾ ಹಿಂಗೈತೆ?"

"ನೀನು ಹಚ್ಕೊಳಲ್ವಾ?" ಎಂದು ಹಾಲೇಶ ಅವತ್ತು ಬೈದ. "ರಾತ್ರಿ ಹಚ್ಕೊಂಡು ಮಲಗು. ಬೆಳಿಗ್ಗೆ ನೋಡು."

ಅಕ್ಷತಾ ಹಚ್ಚಿಕೊಂಡಳು. ದಿಂಬಿನ ಬಟ್ಟೆಯೆಲ್ಲ ಜಿಡ್ಡು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಹಣೆಯ ಮೇಲೂ ಹೊಸ ಗುಳ್ಳೆಗಳು.

"ಒಳಗಿನ ಕೆಟ್ಟದ್ದು ಹೊರಗೆ ಬರ್ತೈತೆ, ಬಿಡ್ಬೇಡ ಕಣೇ," ಎಂದಳು ತಾಯಿ ಹುಲಿಯಮ್ಮ. ತಿಂಗಳುಗಟ್ಟಲೆ ಹೊರಗೆ ಬರುತ್ತಲೇ ಇತ್ತು. ಅಕ್ಷತಾ ಉಗುರಿನಲ್ಲಿ ಒತ್ತಿ ತೆಗೆದಳು, ಅಲ್ಲಿ ಕಲೆಯಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುವುದು ರೂಢಿಯಾಯಿತು.

ಕೊನೆಗೆ ಬೇಸತ್ತು ಚರ್ಮದ ಡಾಕ್ಟರ ಹತ್ತಿರ ಹೋದಳು. ಅವರು ಮುಖ ನೋಡಿದ ಕೂಡಲೇ ಕೇಳಿದರು: "ಕೊಬ್ಬರಿ ಎಣ್ಣೆ ಹಚ್ತೀಯಾ?"

"ದಿನಾ, ಮೇಡಂ."

"ಮೊದ್ಲು ನಿಲ್ಸು. ನಿಂದು ಜಿಡ್ಡಿನ ಚರ್ಮ, ಆ ಎಣ್ಣೆ ರಂಧ್ರ ಮುಚ್ಚಿಬಿಡುತ್ತೆ. ಎಣ್ಣೇನೇ ಬೇಕು ಅಂದ್ರೆ ಕುಸುಬೆ ಎಣ್ಣೆ ಹಗುರ. ಎರಡು ಹನಿ ಮೂಗಿನ ಮೇಲೆ ಮೆತ್ತಗೆ ತಿಕ್ಕಿ, ಬೆಚ್ಚಗಿನ ಒದ್ದೆ ಬಟ್ಟೇಲಿ ಒರೆಸಿ, ಮುಖ ತೊಳ್ಕೋ. ಹಚ್ಕೊಂಡು ಮಲಗ್ಬೇಡ. ಉಗುರು ಮುಟ್ಟಿಸ್ಬೇಡ."

ಕುಸುಬೆ ಎಣ್ಣೆ ಹಾಲೇಶನ ಅಂಗಡಿಯಲ್ಲೇ ಇತ್ತು, ಮೂಲೆಯ ಡಬ್ಬದಲ್ಲಿ. ಅಡುಗೆಗೆಂದು ಯಾರೋ ಒಬ್ಬಿಬ್ಬರು ಒಯ್ಯುತ್ತಿದ್ದರು. ಅವಳೂ ಒಂದು ಸೀಸೆ ಒಯ್ದಳು. ಮೊದಮೊದಲು ಏನೂ ಆಗಲಿಲ್ಲ. ಇದೂ ಇಷ್ಟೇ ಎಂದು ಸೀಸೆಯನ್ನು ಕಿಟಕಿಯಾಚೆ ಎಸೆಯಬೇಕೆನಿಸುತ್ತಿತ್ತು. ಆದರೂ ಬಿಡಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಮೂಗು ಹೆಚ್ಚುಕಡಿಮೆ ಶುಚಿಯಾಯಿತು. ಹೊಸ ಮೊಡವೆ ಏಳುವುದು ಕಡಿಮೆಯಾಯಿತು. ಕಲೆಗಳು ಮಾತ್ರ ಉಳಿದವು.

ಹಾಲೇಶ ಇದನ್ನು ಗಮನಿಸಿದ್ದ. ಹಬ್ಬಕ್ಕೆ ಅಕ್ಷತಾ ಸೀರೆ ಉಟ್ಟು ಬಂದ ದಿನ ಅಂಗಡಿಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಅವಳ ಫೋಟೊ ತೆಗೆದ. ಹಬ್ಬದ ನೆನಪಿಗೆ ಎಂದುಕೊಂಡಳು ಅವಳು. ಮುಂದಿನ ವಾರ ಬಂದ ಬೇವು-ಕೊಬ್ಬರಿ ಎಣ್ಣೆಯ ಬಾಟಲಿಗಳ ಚೀಟಿಯ ಮೇಲೆ ಅವಳೇ ನಗುತ್ತಿದ್ದಳು. ಕಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿಹಾಕಿದ್ದರು.

"ಹಾಲೇಶಣ್ಣ, ಏನಿದು? ಈ ಎಣ್ಣೆಯಿಂದಾನೇ ನನ್ ಮುಖ ಇನ್ನೂ ಹಾಳಾಗಿದ್ದು!"

"ಈಗ ಚೆನ್ನಾಗಾಗೈತಲ್ಲ."

"ಆಗಿದ್ದು ಕುಸುಬೆ ಎಣ್ಣೆಯಿಂದ!"

"ಕುಸುಬೆ ಎಣ್ಣೆ ಯಾರ್ದು? ನಮ್ ಗಾಣದ್ದೇ ಅಲ್ವೇನವ್ವಾ?"

"ಹಂಗಾದ್ರೆ ಬಾಟ್ಲೀಲಿ ಕುಸುಬೆ ಎಣ್ಣೇನೇ ತುಂಬ್ಸಿ," ಎಂದಳು.

"ಅಷ್ಟೊಂದು ಬೀಜ ಎಲ್ಲಿಂದ ತರ್ಲಿ? ಕೊಬ್ಬರಿ ಇಲ್ಲೇ ಸಿಗುತ್ತೆ," ಎಂದು ಹಾಲೇಶ ಗಾಣದ ಕಡೆ ಹೋದ.

ಅವತ್ತಿನಿಂದ ಅವಳು ಮೊಡವೆಯವರು ಬಂದರೆ ಆ ಬಾಟಲಿ ಕೊಡಲಿಲ್ಲ. "ಇದನ್ನ ತಲೆಗೆ ಹಚ್ಕೊಳ್ಳಿ, ಮುಖಕ್ಕೆ ಬೇಡ," ಎನ್ನುತ್ತಿದ್ದಳು. ಹಾಲೇಶನ ಕಿವಿಗೆ ಬಿತ್ತು. ದೊಡ್ಡ ಜಗಳವಾಯಿತು. ಅಕ್ಷತಾ ಕೆಲಸ ಬಿಟ್ಟಳು. ಬಿಡುವಾಗ ಅಂಗಡಿಯಲ್ಲಿದ್ದ ಬಾಟಲಿಗಳ ಚೀಟಿಯನ್ನೆಲ್ಲ ಅವನ ಎದುರಿಗೇ ಕಿತ್ತಳು. ಅವನು ತಡೆಯಲಿಲ್ಲ. ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆ ಸರಕು ಆಗಲೇ ಹೋಗಿತ್ತು.

ಈಗ ಅವಳು ಕಡೂರಿನಲ್ಲೇ ಒಬ್ಬ ಆಡಿಟರ ಕಚೇರಿಯಲ್ಲಿದ್ದಾಳೆ. ಮೊನ್ನೆ ಸಂಜೆಯ ಬಸ್ಸಿನಲ್ಲಿ ಪಕ್ಕ ಕೂತ ಕಾಲೇಜು ಹುಡುಗಿ ಅವಳನ್ನೇ ದಿಟ್ಟಿಸಿ ನೋಡಿದಳು.

"ಅಕ್ಕಾ, ಬಾಟ್ಲಿ ಮೇಲಿರೋದು ನೀವೇ ಅಲ್ವಾ? ಅಜ್ಜಂಪುರದಲ್ಲಿ ನಮ್ಮತ್ತೆ ಕೊಡ್ಸಿದ್ರು. ದಿನಾ ಹಚ್ತೀನಿ."

ಹುಡುಗಿಯ ಹಣೆ ಜಿಡ್ಡಿಗೆ ಮಿರಮಿರ ಮಿಂಚುತ್ತಿತ್ತು, ತುಂಬ ಗುಳ್ಳೆ.

"ಹಚ್ಬೇಡ ಕಣೇ. ನಾನು ಹಚ್ಚಿ ಕೆಟ್ಟೆ," ಎಂದಳು ಅಕ್ಷತಾ. ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಹುಡುಗಿ ಅವಳ ಮೂಗು ನೋಡಿದಳು, ಗಲ್ಲ ನೋಡಿದಳು.

"ನಿಮ್ಗೆ ವಾಸಿ ಆಯ್ತು, ಈಗ ಹಂಗಂತೀರಾ," ಎಂದು ಮುಖ ತಿರುಗಿಸಿದಳು.

ಅಕ್ಷತಾಗೆ ಅಳು ಬರುವಷ್ಟು ಸಿಟ್ಟು ಬಂತು. ಸಖರಾಯಪಟ್ಟಣ ಬಂದಾಗ ಇಳಿದುಹೋದಳು.