ಪತ್ತಾರರ ಗೈಡು

ಹಾನಗಲ್ಲಿನ ಪೇಟೆಯಲ್ಲಿ ನನ್ನ ಲೇತ್ ಅಂಗಡಿಯ ಎದುರಿಗೆ ನೀಲಿ ಬಾಗಿಲಿನ ಒಂದು ಸಣ್ಣ ಅಂಗಡಿಯಿತ್ತು. ಹದಿನೈದು ವರ್ಷ ನಾನು ಕೆಲಸ ಮಾಡುತ್ತ ಮಾಡುತ್ತ ಅದರ ಕಡೆಗೇ ನೋಡಿದ್ದೇನೆ. ಒಳಗೆ ಕೂತ ಪತ್ತಾರ ಬಂಗಾರದ ಕೆಲಸ ಮಾಡುತ್ತಿದ್ದ. ಅವನು ನನಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಹಾಗಿದ್ದೂ ಅವನನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ನಾನು ಹಿರೇಕೆರೂರ ಕಡೆಯ ವೈಷ್ಣವ ಪಂಡಿತರ ಮನೆಯವನು. ಅಪ್ಪ, ಅಜ್ಜ ಎಲ್ಲ ಪೋಥಿ ಬಿಚ್ಚಿ ಪಾಠ ಹೇಳಿ ಬದುಕಿದವರು. ನಾನೊಬ್ಬ ಹುಬ್ಬಳ್ಳಿಗೆ ಹೋಗಿ ಲೇತ್ ಕಲಿತು, ಎಪ್ಪತ್ತರ ದಶಕದ ಆರಂಭದಲ್ಲಿ ಹಾನಗಲ್ಲಿನಲ್ಲಿ ಅಂಗಡಿ ಹಾಕಿದೆ. ಅಪ್ಪ ಮೂರು ತಿಂಗಳು ಮಾತು ಬಿಟ್ಟರು. ನನ್ನ ಬೆನ್ನಿಗೆ ನಿಂತವಳು ಅಕ್ಕ ಒಬ್ಬಳೇ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಸಾಕಿದವಳು ಅವಳೇ. ಮುಂದೆ ಸಾಲಿ ಮಾಸ್ತರಿಕೆ ಮಾಡಿದಳು, ಮದುವೆ ಬೇಡವೆಂದಳು, ಹಾನಗಲ್ಲಿಗೆ ವರ್ಗ ಮಾಡಿಸಿಕೊಂಡು ನನ್ನ ಮನೆಗೇ ಬಂದು ಇದ್ದಳು. "ನನ್ನ ತಮ್ಮ ಕಬ್ಬಿಣದಾಗ ಮಂತ್ರ ಹೇಳ್ತಾನ" ಎಂದು ಸಾಲಿಯಲ್ಲೆಲ್ಲ ಹೇಳುತ್ತಿದ್ದಳು. ಆ ಮಾತು ನನಗೆ ಊಟಕ್ಕಿಂತ ರುಚಿಯಾಗಿತ್ತು.

ಪತ್ತಾರ ಸವಣೂರಿನಿಂದ ಬಂದವನು. ಬಡಕಲು ಮನುಷ್ಯ, ಮಾತು ಕಡಿಮೆ, ಬಾಯಲ್ಲಿ ಸದಾ ತನ್ನ ಊರಿನ ವೀಳ್ಯದೆಲೆ. ಅವನು ಬಂದ ವರ್ಷವೇ ಅಕ್ಕನ ಚಷ್ಮಾದ ಕೀಲು ಮುರಿಯಿತು. ನಾನು ಮಾಡಿಕೊಡುತ್ತೇನೆಂದು ಇಸಿದುಕೊಂಡೆ. ಪಂಪುಗಳ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ತಿರುವುವ ಕೈ ನನ್ನದು. ಎರಡು ದಿನ ಹೆಣಗಿ ಮೂರನೆಯ ದಿನ ಒಂದು ಗಾಜಿನ ಅಂಚನ್ನೂ ಒಡೆದೆ. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದುರು ಅಂಗಡಿಗೆ ಹೋದಳು. ಅವನು ಒಂದು ಎಲೆ ಅಗಿದು ಮುಗಿಸುವುದರೊಳಗೆ ಕೀಲು ಕೂಡಿಸಿಕೊಟ್ಟ. "ಏನ್ ಕೈಯೋ ಅವರದು!" ಎಂದು ಅಕ್ಕ ಮನೆಗೆ ಬಂದು ಅಂದಳು. ಅಂದಿನಿಂದ ಶುರುವಾಯಿತು. ಪೇಟೆಯಲ್ಲಿ ಯಾರಾದರೂ ಅವನನ್ನು ಹೊಗಳಿದರೆ ನಾನು ನಗುತ್ತ, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತಾರ, ನೋಡಿ ಕೊಡ್ರಿ" ಎನ್ನುತ್ತಿದ್ದೆ. ಅವನ ತಕ್ಕಡಿಯಲ್ಲಿ ಒಂದು ಗುಲಗಂಜಿಯೂ ಹೆಚ್ಚುಕಡಿಮೆಯಾದದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮೂರಿಗೆ ಒಬ್ಬ ಹೊಸ ಡಾಕ್ಟರು ಬಂದರು. ಹಂಸಭಾವಿ ಕಡೆಯ ರೈತರ ಮನೆಯ ಹುಡುಗ, ಮುಂಬಯಿಯಲ್ಲಿ ಕಲಿತವರು. ಬರುವಾಗ ಬೇರೆಯವರು ಬಳಸಿದ ಒಂದು ಸ್ಕ್ಯಾನಿಂಗ್ ಯಂತ್ರ ತಂದರು. ಹೊಟ್ಟೆಯ ಮೇಲೆ ಪ್ರೋಬು ಎಂಬ ಹಿಡಿ ಇಟ್ಟರೆ ಒಳಗಿನದು ಪರದೆಯ ಮೇಲೆ ಬೂದಿ ಬಣ್ಣದಲ್ಲಿ ಕಾಣುತ್ತಿತ್ತು. ಶಿಗ್ಗಾಂವಿ, ಸವಣೂರುಗಳಿಂದಲೂ ಜನ ಬಸ್ಸು ಹತ್ತಿ ಬರತೊಡಗಿದರು. ಒಂದು ಮಧ್ಯಾಹ್ನ ಆ ಡಾಕ್ಟರು ತಾವೇ ನನ್ನ ಅಂಗಡಿಗೆ ಬಂದು, ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಕೂತರು.

"ರಾಯರ, ಪ್ರೋಬು ಒಂದು ಕೈಯಾಗ, ಸೂಜಿ ಇನ್ನೊಂದು ಕೈಯಾಗ. ಗಡ್ಡಿ ಚಿತ್ರದಾಗ ಕಾಣತೈತಿ. ಸೂಜಿ ಹಾಕಿ ಅದರಾಗಿನ ಒಂದು ಚೂರು ತಗದು ತಪಾಸಕ್ಕ ಕಳಸಬೇಕು. ಆದ್ರ ಕೈ ಒಂದೀಟು ಸರದ್ರ ಸೂಜಿ ಚಿತ್ರಾ ಬಿಟ್ಟು ಹೊರಗ ಹೋಗತೈತಿ. ಪ್ರೋಬಿಗೆ ಹಿಡಿಸಿ ಸೂಜಿಗೆ ದಾರಿ ತೋರಸೋ ಗೈಡು ಅಂತ ಬರತೈತಿ. ತರಸಬೇಕಂದ್ರ ಪರದೇಶದಿಂದ ಬರಬೇಕು. ನೀವು ಮಾಡಿಕೊಡ್ತೀರೇನು?"

ಅವರು ಕೇಳುವಾಗ ನಾನು ಬೇಕೆಂದೇ ದನಿ ಎತ್ತರಿಸಿ, "ಅದಕ್ಕೇನ್ರಿ ಡಾಕ್ಟರ, ಮಾಡೋಣಂತ" ಎಂದೆ, ಎದುರು ಅಂಗಡಿಗೆ ಕೇಳಲಿ ಎಂದು. ಪತ್ತಾರ ತಲೆ ಎತ್ತಲಿಲ್ಲ.

ತುಕ್ಕು ಹಿಡಿಯದ ಉಕ್ಕಿನಲ್ಲಿ ಮಾಡಿದೆ. ಪ್ರೋಬನ್ನು ಅಪ್ಪಿ ಹಿಡಿಯುವ ಒಂದು ಪಟ್ಟಿ, ಪಕ್ಕದಲ್ಲಿ ಒಂದು ಗಟ್ಟಿ ತುಂಡು, ಅದರಲ್ಲಿ ಮೂರು ಓರೆಗಳಲ್ಲಿ ಮೂರು ತೂತು. ಗಡ್ಡೆ ಮೇಲಿದ್ದರೆ ಒಂದು, ನಡುವಿದ್ದರೆ ಒಂದು, ಆಳದಲ್ಲಿದ್ದರೆ ಇನ್ನೊಂದು. ಸೂಜಿ ಒಳಗೆ ಹೋಯಿತೆಂದರೆ ಕೂದಲೆಳೆಯಷ್ಟೂ ಅಲುಗಬಾರದು. ಲೇತಿನವನ ಮರ್ಯಾದೆ ಇರುವುದೇ ಅಲ್ಲಿ. ಡಾಕ್ಟರು ಒಂದು ಪಪ್ಪಾಯಿಯೊಳಗೆ ದ್ರಾಕ್ಷಿ ತುರುಕಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಪರೀಕ್ಷೆ ಮಾಡಿದರು. ಮೂರು ಸಲ ಹಾಕಿದರು, ಮೂರೂ ಸಲ ಸೂಜಿ ದ್ರಾಕ್ಷಿಯಲ್ಲೇ ಇತ್ತು. ಆ ಪಪ್ಪಾಯಿಯನ್ನು ಮನೆಗೆ ತಂದು ಅಕ್ಕನಿಗೆ ಸೂಜಿಯ ಗುರುತು ತೋರಿಸಿದೆ. ಅವಳು ಹೋಳು ಮಾಡಿ ನೆರೆಮನೆಗೂ ಕೊಟ್ಟಳು.

ಪಪ್ಪಾಯಿ ಉಸಿರಾಡುವುದಿಲ್ಲ ಎಂಬುದು ನನಗೂ ಡಾಕ್ಟರಿಗೂ ಹೊಳೆದಿರಲಿಲ್ಲ. ಮೊದಲ ರೋಗಿ ಅಬಲೂರಿನ ಒಬ್ಬ ಮುದುಕ. ಸೂಜಿ ಒಳಗಿದ್ದಾಗ ಅವನಿಗೆ ಕೆಮ್ಮು ಬಂತು. ಉಸಿರಿನೊಡನೆ ಪಿತ್ತಕೋಶ, ಜಠರ, ಯಕೃತ್ತು ಎಲ್ಲ ಮೇಲೆ ಕೆಳಗೆ ಸರಿಯುತ್ತವೆ. ಸೂಜಿಯೂ ಅವುಗಳ ಜೊತೆ ತೂಗಬೇಕು, ಇಲ್ಲದಿದ್ದರೆ ಒಳಗೆ ಸೀಳುತ್ತದೆ. ನನ್ನ ಗೈಡು ಅದನ್ನು ತೂಗಲು ಬಿಡಲಿಲ್ಲ. ಡಾಕ್ಟರು ಒಂದೇ ಏಟಿಗೆ ಗೈಡು, ಸೂಜಿ ಎಲ್ಲವನ್ನೂ ಎಳೆದು ತೆಗೆದರು. ಮುದುಕನನ್ನು ಎರಡು ದಿನ ಮಲಗಿಸಿಕೊಂಡು ನೋಡಿದರು, ಏನೂ ಆಗದೆ ಎದ್ದು ಹೋದ. ನನಗೆ ಯಾರೂ ಬೈಯಲಿಲ್ಲ. ಡಾಕ್ಟರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ, ಅಷ್ಟೇ.

ತಿಂಗಳಾದ ಮೇಲೆ ಅವರು ನೀಲಿ ಬಾಗಿಲಿನಿಂದ ಹೊರಗೆ ಬರುವುದನ್ನು ನೋಡಿದೆ. ಕೈಯಲ್ಲಿ ಪತ್ತಾರರು ಒಡವೆ ಸುತ್ತಿಕೊಡುವ ಗುಲಾಬಿ ಕಾಗದದ ಪೊಟ್ಟಣ. ನೋಡಿದ ಕೂಡಲೇ ಗೊತ್ತಾಯಿತು. ಆ ದಿನ ಒಂದು ಶಾಫ್ಟು ಅಳತೆಗಿಂತ ಸಣ್ಣ ತಿರುವಿ ಹಾಳು ಮಾಡಿದೆ. ಮರುದಿನ ನೆವ ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಪತ್ತಾರ ಮಾಡಿದ ಗೈಡನ್ನು ಕೈಯಲ್ಲಿ ಹಿಡಿದು ನೋಡಿದೆ. ಓರೆ ಎಷ್ಟು ಬೇಕೋ ಅಷ್ಟು ತಿರುಗಿಸಿ ನಿಲ್ಲಿಸಲು ಒಂದು ಸಣ್ಣ ಕಮಾನು, ಅದಕ್ಕೆ ಹೆಂಗಸರ ಕಿವಿಯೋಲೆಗೆ ಹಾಕುವಂಥದೇ ತಿರುಪು. ಸೂಜಿ ಹೋಗುವ ದಾರಿಗೆ ಸರದ ಕೊಂಡಿಯ ಹಾಗೆ ಒಂದು ಕೊಂಡಿ. ಸೂಜಿ ಜಾಗ ಮುಟ್ಟಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಕೊಂಡಿ ತೆರೆದು ಸೂಜಿಯನ್ನು ಬಿಟ್ಟುಕೊಡುತ್ತಿತ್ತು. ರೋಗಿ ಕೆಮ್ಮಲಿ, ಸೀನಲಿ, ಸೂಜಿ ತನ್ನಷ್ಟಕ್ಕೆ ತೂಗುತ್ತದೆ. ಹತ್ತು ಸಲ ಒತ್ತಿ ನೋಡಿದೆ. ಒಂದು ಸಲವಾದರೂ ಸಿಕ್ಕಿಹಾಕಿಕೊಳ್ಳಲಿ ಎಂದು ಒತ್ತಿದೆ. ಹತ್ತು ಸಲವೂ ತೆರೆಯಿತು.

"ನಿಮ್ಮದೂ ಛಲೋ ಇತ್ತು ಬಿಡ್ರಿ ರಾಯರ" ಎಂದರು ಡಾಕ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದೇ ಮಳೆಗಾಲದಲ್ಲಿ ಅಕ್ಕ ಇಳಿಯತೊಡಗಿದಳು. ಅನ್ನ ಸೇರುತ್ತಿರಲಿಲ್ಲ, ಸಂಜೆಯಾದರೆ ಜ್ವರ. ರವಿಕೆಯ ತೋಳು ಜೋಲುತ್ತಿತ್ತು. ಸ್ಕ್ಯಾನಿಂಗಿನಲ್ಲಿ ಯಕೃತ್ತಿನೊಳಗೆ ಒಂದು ಗಡ್ಡೆ ಕಂಡಿತು. ಅದು ಔಷಧಕ್ಕೆ ಬಗ್ಗುವಂಥದೋ, ಯಾವುದಕ್ಕೂ ಬಗ್ಗದ್ದೋ ತಿಳಿಯಲು ಸೂಜಿ ಹಾಕಲೇಬೇಕೆಂದರು ಡಾಕ್ಟರು. ನನ್ನನ್ನು ಸಾಕಿದವಳ ಜೀವ ಒಂದು ಸೂಜಿಯ ತುದಿಗೆ ಬಂದಿತ್ತು. ನಾನು ಆಗ ಯೋಚಿಸಿದ್ದು ಅವಳ ಬಗ್ಗೆ ಎಂದು ಬರೆದರೆ ಸುಳ್ಳಾಗುತ್ತದೆ. ಪತ್ತಾರನ ಗೈಡು ಅಕ್ಕನ ಮೈಗೆ ತಾಗುತ್ತದಲ್ಲ ಎಂದು ಯೋಚಿಸಿದೆ.

"ಹೆದರಬ್ಯಾಡ, ನಾನ ಹೊಸಾದೊಂದು ಮಾಡಲಿಕ್ಕತ್ತೇನಿ. ನಿನಗ ನನ್ನ ಗೈಡಿನಿಂದನ ಹಾಕಸ್ತೇನಿ" ಎಂದೆ ಅಕ್ಕನಿಗೆ.

"ನೀ ಮಾಡಿದ್ದಾದ್ರ ನನಗ್ಯಾತರ ಹೆದರಿಕಿ, ತಮ್ಮಾ" ಎಂದು ಅವಳು ಆ ಕಡೆ ಹೊರಳಿ ಮಲಗಿದಳು.

ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ನಾಲ್ಕು ದಿನ ಕೂತೆ. ಕಮಾನು ಬಂತು. ಕೊಂಡಿಯೂ ಬಂತು, ಆದರೆ ಪೆಟ್ಟಿಗೆಯ ಬಿಜಾಗರಿಯ ಹಾಗೆ ದಪ್ಪಗೆ, ಬಿರುಸಾಗಿ ಬಂತು. ಸಣ್ಣದು ಮಾಡಲು ಹೋದರೆ ಮುರಿಯುತ್ತಿತ್ತು. ಎದುರಿಗೆ ಹೋಗಿ "ಹೆಂಗ ಮಾಡಿದಿರಿ?" ಎಂದು ಒಂದು ಮಾತು ಕೇಳಿದ್ದರೆ ಅವನು ಹೇಳಿಕೊಡುತ್ತಿದ್ದ. ಕೇಳಲು ನನ್ನ ನಾಲಿಗೆ ಏಳಲಿಲ್ಲ. ಐದನೆಯ ದಿನ ಬೆಳಗ್ಗೆ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅದನ್ನೇ ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೆ.

ಅಕ್ಕನನ್ನು ಒಳಗೆ ಮಲಗಿಸಿದ್ದರು. ಡಾಕ್ಟರು ಬಾಗಿಲ ಹೊರಗೆ ನಿಂತು ನನ್ನ ಗೈಡನ್ನು ತಿರುಗಿಸಿ ನೋಡಿದರು, ಕೊಂಡಿ ಒತ್ತಿದರು. ತೆರೆಯಲಿಲ್ಲ. ಎರಡೂ ಕೈ ಹಾಕಿ ಒತ್ತಿದಾಗ ತೆರೆಯಿತು.

"ಒಂದು ಕೈಯಾಗ ಪ್ರೋಬು, ಒಂದು ಕೈಯಾಗ ಸೂಜಿ. ಇದನ್ನ ತೆಗಿಯಾಕ ಮೂರನೇ ಕೈ ಎಲ್ಲಿಂದ ತರಲಿ, ರಾಯರ?" ಎಂದರು. ಆಮೇಲೆ ಮೆಲ್ಲಗೆ, "ಎರಡೂ ಕುದಿಸಿ ಇಡಸ್ತೇನಿ. ನಿಮ್ಮ ಅಕ್ಕ, ನೀವ ಹೇಳ್ರಿ, ಯಾವುದು ಹಿಡೀಲಿ?" ಎಂದರು.

ಅವರು ಯಾಕೆ ನನ್ನನ್ನು ಕೇಳಿದರೋ ಇಂದಿಗೂ ತಿಳಿಯದು. ನನ್ನದು ಎನ್ನಲು ಬಾಯಿ ತೆರೆದೆ. ಒಳಗಿನಿಂದ ಅಕ್ಕ ಕೆಮ್ಮಿದ್ದು ಕೇಳಿಸಿತು.

"ಪತ್ತಾರರದ್ದು" ಎಂದೆ.

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತೆ. ದೇವರ ನಾಮ ಹೇಳಬೇಕಾದ ಹೊತ್ತು ಅದು, ನಮ್ಮ ಮನೆತನದವರಿಗೆ ಬಾಯಿಗೆ ಬರುವುದೇ ಅದು. ಆ ಹೊತ್ತಿನಲ್ಲಿ ನನ್ನ ಮನಸ್ಸು ಒಂದು ಗಳಿಗೆ, ಒಂದೇ ಗಳಿಗೆ, ಆ ಕೊಂಡಿ ಸಿಕ್ಕಿಹಾಕಿಕೊಳ್ಳಲಿ ಎಂದು ಬಯಸಿತು. ಅದರ ಕೆಳಗೆ ಇದ್ದದ್ದು ನನ್ನ ಅಕ್ಕನ ಹೊಟ್ಟೆ ಎಂದು ನೆನಪಾಯಿತು. ಎದ್ದು ನಲ್ಲಿಯ ಬಳಿ ಹೋಗಿ ಮುಖ ತೊಳೆದುಕೊಂಡೆ. ಇದನ್ನು ನಾನು ಈವರೆಗೆ ಯಾರ ಮುಂದೆಯೂ ಆಡಿಲ್ಲ.

ಸಲೀಸಾಗಿ ಮುಗಿಯಿತು. ಚೂರು ಹುಬ್ಬಳ್ಳಿಗೆ ಹೋಯಿತು, ವಾರದ ಮೇಲೆ ಉತ್ತರ ಬಂತು: ಕ್ಷಯ. ಕ್ಷಯ ಎಂದು ಕೇಳಿ ಸಂತೋಷಪಟ್ಟವರು ನಾವೇ ಇರಬೇಕು. ಔಷಧಕ್ಕೆ ಬಗ್ಗುವ ಬೇನೆ. ಅಕ್ಕ ಗುಳಿಗೆ ನುಂಗಿದಳು, ಹಾಲು ಕುಡಿದಳು, ಮೂರು ತಿಂಗಳಿಗೆ ಮುಖದಲ್ಲಿ ಕಳೆ ಬಂತು.

ಒಂದು ದಿನ ಅವಳ ಓಲೆಯ ತಿರುಪು ಸಡಿಲಾಯಿತು. "ನಡಿ, ಪತ್ತಾರರ ಕಡೆ ಹೋಗಿ ಬರೋಣ" ಎಂದು ನನ್ನನ್ನೂ ಎಳೆದುಕೊಂಡು ಹೊರಟಳು. ಪತ್ತಾರ ಕಣ್ಣಿಗೆ ಗಾಜು ಏರಿಸಿ ಓಲೆ ನೋಡುತ್ತಿದ್ದ. ಅಕ್ಕ ಮೆಟ್ಟಿಲ ಮೇಲೆ ಕೂತು ಕಥೆ ಶುರು ಮಾಡಿದಳು.

"ಸೂಜಿ ಹಾಕೋ ಮುಂದ ಕೈಕಾಲು ಗಡಗಡ ನಡಗಲಿಕ್ಕತ್ತಿದ್ವು ನೋಡ್ರಿ. ಡಾಕ್ಟರಿಗೆ ಕೇಳಿದೆ, ಇದು ನನ್ನ ತಮ್ಮ ಮಾಡಿದ್ದೇನ್ರಿ ಅಂತ. ಹೌದ್ರಿ ಅಕ್ಕಾರ, ಅವರದ ಅಂದ್ರು. ಆವಾಗ ಕಲ್ಲಿನಂಗ ಮಲಗಿದೆ. ಅವನ ಕೈ ನನ್ನ ಉಳಿಸ್ತು ನೋಡ್ರಿ ಪತ್ತಾರ್ರ."

ಪತ್ತಾರ ಗಾಜು ತೆಗೆದ. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ನಾನು ಬೀದಿಯ ಕಡೆ ನೋಡಿದೆ. ಎತ್ತಿನ ಗಾಡಿಯೊಂದು ಹೋಗುತ್ತಿತ್ತು, ಅದು ಪೂರ್ತಿ ದಾಟುವವರೆಗೂ ನನಗೆ ಮಾತಾಡಲು ಹೊತ್ತಿತ್ತು.

"ಹೌದ್ರಿ ಅಕ್ಕಾರ" ಎಂದ ಪತ್ತಾರ. "ರಾಯರ ಕೈ ಅಂದ್ರ ಕೈ." ಓಲೆಯ ತಿರುಪು ಬಿಗಿದು ಅವಳ ಅಂಗೈಯಲ್ಲಿಟ್ಟ.

ಅವನ ಗೈಡಿನಂಥದನ್ನು ಹೆಣಗಿದರೆ ನಾನೂ ಎಂದಾದರೂ ಮಾಡುತ್ತಿದ್ದೆನೋ ಏನೋ. ಅವನು ಆಡಿದ ಆ ಮಾತು ಆಡಲು ನನ್ನಿಂದ ಜನ್ಮದಲ್ಲಿ ಆಗುತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು, ಹಿಂದೆ ಎಂದೂ ಅಷ್ಟು ಉರಿದಿರಲಿಲ್ಲ.

ಅಕ್ಕ ಆಮೇಲೆ ಬಹಳ ವರ್ಷ ಬದುಕಿದಳು. ಬಂದವರಿಗೆಲ್ಲ ಆ ಕಥೆ ಹೇಳಿದಳು, ನಾನು ಪ್ರತಿ ಸಲವೂ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಕೊನೆಯವರೆಗೂ ನಿಜ ಹೇಳಲಿಲ್ಲ. ಅಕ್ಕಸಾಲಿಯ ಆ ಗಾದೆಯನ್ನು ಮಾತ್ರ ಅಂದಿನಿಂದ ನಾನು ಆಡಿಲ್ಲ.