ಕಾಕಾನ ಇಂಗ್ಲಿಷು

ಇಳಕಲ್ಲಿನ ನಮ್ಮ ಓಣಿಯಲ್ಲಿ ಮದುವೆ ಕುದುರಿಸುತ್ತಿದ್ದ ಕಾಕಾಗೆ ಇಂಗ್ಲಿಷ್ ಬರುತ್ತಿದ್ದದ್ದು ವರಗಳ ಚಟಗಳ ಮಟ್ಟಿಗೆ ಮಾತ್ರ. ‘ಆಗಾಗ ಕುಡಿಯುತ್ತಾನೆ’ ಎಂದರೆ ಹೆಣ್ಣಿನವರು ಎದ್ದುಹೋಗುತ್ತಾರೆ, ‘ಅಕೇಶನಲಿ’ ಎಂದರೆ ಇನ್ನೊಂದು ಕಪ್ ಚಹಾ ಕೊಡುತ್ತಾರೆ ಎಂಬುದನ್ನು ಆತ ಕಂಡುಕೊಂಡಿದ್ದ.

ನನ್ನ ಅಕ್ಕನಿಗೆ ಬಾಗಲಕೋಟೆಯ ವರನನ್ನು ಗೊತ್ತುಮಾಡಲು ಬಂದಾಗ ಅಜ್ಜಿಯೇ ವಿಚಾರಣೆಗೆ ಕೂತಳು.

“ಹುಡುಗ ಕುಡೀತಾನೇನಪಾ?”

“ಅಕೇಶನಲಿ, ಯವ್ವಾ,” ಎಂದ ಕಾಕಾ, ಚುರಮುರಿ ಮುಕ್ಕುತ್ತ.

“ಇಸ್ಪೀಟು?”

“ರೇರ್ಲಿ, ಯವ್ವಾ.”

“ಸಿಟ್ಟು?”

“ಸಮ್‌ಟೈಮ್ಸ್, ಯವ್ವಾ.”

ಪ್ರತಿ ಇಂಗ್ಲಿಷಿಗೂ ಅಪ್ಪ ಭಕ್ತಿಯಿಂದ ತಲೆದೂಗುತ್ತಿದ್ದರು. ಅಜ್ಜಿ ಚುರಮುರಿಯ ತಾಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ನೀ ಖರೆ ಹೇಳ್ತೀಯೇನಪಾ?”

ದೂರ ಸರಿದ ತಾಟಿನ ಮೇಲೇ ಕಣ್ಣಿಟ್ಟಿದ್ದ ಕಾಕಾನ ಬಾಯಿ ರೂಢಿಯಂತೆ ಉತ್ತರಿಸಿತು: “ಅಕೇಶನಲಿ, ಯವ್ವಾ.”