ಗಾಳಿಗೆ ಬಿಡದ ಕ್ರೇನು

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಟವರ್ ಕ್ರೇನ್ ಓಡಿಸುತ್ತಿದ್ದಳು. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧದಷ್ಟನ್ನು ಅವಳೇ ಎತ್ತಿ ನಿಲ್ಲಿಸಿದ್ದು ಅಂತ ನಾನು ಸಿಕ್ಕಿದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಒಂಚೂರು ಉಪ್ಪುಖಾರ ಸೇರಿದೆ ಅನ್ನಿ. ಆದರೆ ಬೀದಿಯಲ್ಲಿ ನಡೆಯುವಾಗ ಯಾವುದಾದರೂ ಕಟ್ಟಡದ ನೆತ್ತಿ ತೋರಿಸಿ "ಅದು ನಮ್ಮತ್ತೆದು" ಅನ್ನುವ ಸುಖ ಎಷ್ಟು ಜನಕ್ಕಿದೆ, ನೀವೇ ಹೇಳಿ.

ಅವಳ ಕ್ಯಾಬಿನ್ ಒಂದು ಸಣ್ಣ ಗಾಜಿನ ಡಬ್ಬ. ಸೀಟಿನ ಸ್ಪಂಜು ಹರಿದು ಹೊರಗೆ ಬಂದಿತ್ತು, ಅದಕ್ಕೊಂದು ಹಳೇ ಟವೆಲ್ ಬಿಗಿದು ಕಟ್ಟಿದ್ದಳು. ಎಡಕ್ಕೊಂದು ಬಲಕ್ಕೊಂದು ಹಿಡಿ. ಕಾಲಿನ ಕೆಳಗೂ ಗಾಜೇ, ಅದರಲ್ಲಿ ಇರುವೆಯಂತಹ ಜನ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. ಊಟ ಅಲ್ಲೇ. "ಅತ್ತೆ, ಬಾತ್‌ರೂಮಿಗೆ ಏನ್ಮಾಡ್ತೀಯ?" ಅಂತ ಕೇಳಿದರೆ, "ನಿನ್ನಂಥೋರು ಕೆಳಗೆ ಬಾಯ್ ಬಿಟ್ಕೊಂಡು ನೋಡ್ತಿರ್ತೀರಲ್ಲ, ಅದಕ್ಕೇ ಇನ್ನೂ ಯೋಚ್ನೆ ಮಾಡ್ತಿದೀನಿ" ಅನ್ನುತ್ತಿದ್ದಳು.

ಕೆಳಗೆ ನಿಂತು ಅವಳಿಗೆ ಸನ್ನೆ ಮಾಡುತ್ತಿದ್ದವನನ್ನು ಎಲ್ಲರೂ ಸನ್ನೆಯಣ್ಣ ಅನ್ನುತ್ತಿದ್ದರು. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಕ್ರೇನಿನವಳಿಗೆ ಮೇಲಿಂದ ಎಲ್ಲವೂ ಕಾಣುವುದಿಲ್ಲ. ಗೋಡೆಯ ಹಿಂದೆ ಭಾರ ಇಳಿಸುವಾಗ ಅವಳ ಕಣ್ಣು ಸನ್ನೆಯಣ್ಣನ ಕೈಯೇ. ಅವನು ತೋರಿಸಿದ್ದನ್ನು ವಾದ ಮಾಡದೆ ಮಾಡಬೇಕು. "ಕಟ್ಕೊಂಡ ಗಂಡನ ಮಾತು ಒಂದಿನ ಕೇಳ್ಲಿಲ್ಲ, ಆ ಮೋಟು ಬೆರಳಿನ ಮಾತು ಮಾತ್ರ ವೇದವಾಕ್ಯ" ಅಂತ ಮಾವ ಗೊಣಗುವುದಿತ್ತು. ಮಾವ ಲಾರಿ ಓಡಿಸುತ್ತಿದ್ದವನು. ಬೆನ್ನು ಹಿಡಿದುಕೊಂಡ ಮೇಲೆ ಲಾರಿ ಬಿಟ್ಟು ಸೌಟು ಹಿಡಿದಿದ್ದ. ಮಗಳು ನರ್ಸಿಂಗ್ ಓದುತ್ತಿದ್ದಳು. ಹಾಗಾಗಿ ಮನೆ ನಿಂತಿದ್ದದ್ದು ಆ ಗಾಜಿನ ಡಬ್ಬದ ಮೇಲೆ.

ಅತ್ತೆಗೆ ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ, ಏಣಿಯ ಮಧ್ಯದ ಕಬ್ಬಿಣದ ಕಟ್ಟೆಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ, ಕಾಲು ಮುಂದಕ್ಕೆ ಬರಲಿಲ್ಲ. ನೋವಿಲ್ಲ, ತಲೆ ಸುತ್ತಿಲ್ಲ. ಕಾಲು ಸುಮ್ಮನೆ ಒಲ್ಲೆ ಅಂದಿತು. ಕಂಬಿ ಹಿಡಿದ ಕೈ ಬೆವರಿ ಜಾರತೊಡಗಿತು. ಹೇಗೋ ಹತ್ತಿದಳು. ಆದರೆ ಅವತ್ತಿನಿಂದ ಭಯ ಅವಳ ಜೊತೆ ದಿನಾ ಏಣಿ ಹತ್ತಿತು. ಮೇಲೆ ಕುಳಿತು ಕೆಲಸ ಮಾಡುವಾಗಲೂ ತಲೆಯ ತುಂಬ ಒಂದೇ ಮಾತು: ಸಂಜೆ ಇಳಿಯಬೇಕು, ಸಂಜೆ ಇಳಿಯಬೇಕು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮರುದಿನವೇ ಬೇರೆಯವರು ಆ ಸೀಟಿನಲ್ಲಿ ಕೂರುತ್ತಾರೆ.

ಅಷ್ಟರಲ್ಲಿ ಸೈಟ್ ಎಂಜಿನಿಯರ್ ಅವಳನ್ನು ಕರೆದ. ಕಂಪನಿ ಊರಾಚೆ ತರಬೇತಿ ಶಾಲೆ ತೆಗೆಯುತ್ತಿದೆ, ಹೊಸಬರಿಗೆ ಕಲಿಸುವುದಕ್ಕೆ ಅನುಭವಸ್ಥರು ಬೇಕು. ಒಂದು ದೊಡ್ಡ ಕೋಣೆಯಲ್ಲಿ ಕ್ಯಾಬಿನ್ ಇಟ್ಟಿದ್ದಾರೆ, ಮುಂದೆ ದೊಡ್ಡ ಪರದೆ, ಅದರಲ್ಲಿ ಸೈಟು ಕಾಣುತ್ತದೆ, ನೆಲದ ಮೇಲೆ ಕೂತೇ ಕ್ರೇನ್ ಓಡಿಸಿ ಕಲಿಯುವುದು. "ಸೋಮವಾರ ಹೇಳಿ ಮೇಡಂ. ನೀವಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕು" ಅಂದ.

ಶನಿವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನಿನಲ್ಲೇ ಮನೆಯವರ ಸಭೆ ನಡೆಯಿತು. ಮಾವ, "ಗಾಳಿ ಬಂದಾಗ ತೂರ್ಕೋಬೇಕು ಕಣೇ. ಫ್ಯಾನ್ ಕೆಳಗೆ ಕೂತು ಸಂಬಳ ಎಣಿಸೋ ಕೆಲ್ಸ ಮನೆಬಾಗ್ಲಿಗೆ ಬಂದಿದೆ" ಅಂದ.

"ಅದೇನು ಕೆಲ್ಸಾನಾ? ಗೊಂಬೆ ಆಡ್ಸೋದು."

"ಆಡ್ಸು. ಮಗಳನ್ನ ಆಡಿಸ್ದೆ, ನನ್ನನ್ನ ಆಡಿಸ್ದೆ, ಗೊಂಬೆ ಆಡ್ಸೋಕೇನು ಕಷ್ಟ?"

ಮಗಳು ಮಾತ್ರ ನಗಲಿಲ್ಲ. "ಅಮ್ಮ, ನೀನ್ಯಾಕೆ ಈಚೆಗೆ ಮನೆಗೆ ಬಂದ ಮೇಲೂ ಕಂಬ ಹಿಡ್ಕೊಂಡು ನಿಲ್ತೀಯ?" ಅಂದಳು. ಅತ್ತೆ ಸಿಗ್ನಲ್ ಸರಿಯಿಲ್ಲ ಅಂತ ಫೋನಿಟ್ಟಳು.

ಅವಳು ಯಾರಿಗೂ ಹೇಳದ ವಿಷಯ ಇನ್ನೊಂದಿತ್ತು. ತರಬೇತಿಯ ಕೊನೆಯ ವಾರ ಹೊಸಬರನ್ನು ನಿಜವಾದ ಕ್ರೇನಿಗೆ ಹತ್ತಿಸಬೇಕು, ಮೊದಲು ಕಲಿಸುವವರೇ ಹತ್ತಬೇಕು. ಅಂದರೆ ಇಲ್ಲಿದ್ದರೂ ಏಣಿ, ಅಲ್ಲಿಗೆ ಹೋದರೂ ಏಣಿ. ಬಿಟ್ಟುಬಿಟ್ಟರೆ ಮನೆ ಬೀದಿಗೆ. ಅತ್ತ ದರಿ, ಇತ್ತ ಪುಲಿ, ನಡುವೆ ನಮ್ಮತ್ತೆ. ಒಂದು ಲೆಕ್ಕಾಚಾರ ಮಾತ್ರ ಇತ್ತು. ಆ ಕೋಣೆಯಲ್ಲಿ ನೆಲದ ಮೇಲೆ ಕೆಲವು ವಾರ ಕಳೆದರೆ ಈ ಭಯ ತಾನಾಗಿ ಇಳಿದುಹೋಗಬಹುದು. ಸರಿ, ಒಪ್ಪಿಕೊಂಡುಬಿಡೋಣ ಅಂತ ಆ ಸಂಜೆ ಮೇಲೆ ಕೂತೇ ನಿರ್ಧಾರ ಮಾಡಿದಳು. ಆಮೇಲೆ ಇಳಿಯುವ ಚಿಂತೆ ಹಿಡಿಯಿತು. ಕಣ್ಣು ಅರ್ಧ ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲು ತಡಕುತ್ತ ಇಳಿದಳು.

ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು. ಮಗಳು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅಲ್ಲಿಂದ ಅತ್ತೆಯ ಕ್ರೇನು ಕಾಣುತ್ತದೆ, ಅದರ ಆಚೆ ಬೇರೆ ಕಂಪನಿಯ ಎರಡು ಕ್ರೇನು.

"ಅಮ್ಮಾ, ಆ ಎರಡೂ ಒಂದೇ ಕಡೆ ಮುಖ ಮಾಡಿವೆ, ನಿಂದ್ಯಾಕೆ ಅಡ್ಡಡ್ಡ ನಿಂತಿದೆ?"

ಅತ್ತೆ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು. ಗಾಳಿ ಜೋರಾಗಿ ಬೀಸಿತು. ಆಚೆಯ ಎರಡೂ ಕ್ರೇನುಗಳು ಮೆಲ್ಲಗೆ, ಹೇಳಿದ ಮಾತು ಕೇಳುವ ಎತ್ತುಗಳ ಹಾಗೆ, ಇನ್ನಷ್ಟು ತಿರುಗಿದವು. ಅವಳದು ಅಲ್ಲಾಡಲಿಲ್ಲ.

ಇದೊಂದು ಸಂಗತಿ ಬಿಡಿಸಿ ಹೇಳುತ್ತೇನೆ. ಕ್ರೇನಿನ ಆ ಉದ್ದ ತೋಳು ತಿರುಗದಂತೆ ಒಂದು ಬ್ರೇಕ್ ಇರುತ್ತದೆ. ಕೆಲಸ ಮುಗಿಸಿ ಇಳಿಯುವಾಗ ಅದನ್ನು ಹಾಕಿ ಬರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಲೆಕೆಳಗು. ಬಿಟ್ಟು ಬರಬೇಕು. ಬಿಟ್ಟರೆ ತೋಳು ಗಾಳಿ ಹೋದ ಕಡೆ ಹೋಗುತ್ತದೆ, ಗಾಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬಿಡದಿದ್ದರೆ ತೋಳು ಅಡ್ಡಲಾಗಿ ಎದೆಯೊಡ್ಡಿ ನಿಲ್ಲುತ್ತದೆ. ಗಾಳಿ ಹೆಚ್ಚಾದರೆ ಇಡೀ ಕ್ರೇನು ಬುಡ ಸಮೇತ ಮಲಗಿಬಿಡಬಹುದು. ಇದಕ್ಕೆ "ಗಾಳಿಗೆ ಬಿಡುವುದು" ಅನ್ನುತ್ತಾರೆ. ಮನೆ ಬೀಗ ಹಾಕಿದ ಹಾಗೆ, ದಿನಾ ಕೈ ತಾನಾಗಿ ಮಾಡುವ ಕೆಲಸ. ಶನಿವಾರ ಸಂಜೆ ಮಾತ್ರ ಅತ್ತೆಯ ಕೈ ಅದನ್ನು ಮರೆತು ಏಣಿಯ ಕಂಬಿಯನ್ನೇ ಹುಡುಕುತ್ತಿತ್ತು.

ಸನ್ನೆಯಣ್ಣನಿಗೆ ಫೋನ್ ಮಾಡಿದಳು. ಇಬ್ಬರೂ ಸೈಟಿನ ಗೇಟಿನಲ್ಲಿ ಸೇರಿದರು. ಪಕ್ಕದ ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು, ಎದುರಿನ ಅಂಗಡಿಯ ಮುಂದೆ ಒಬ್ಬಳು ಮಗುವಿಗೆ ಬಲೂನು ಕೊಡಿಸುತ್ತಿದ್ದಳು. ಮೇಲೆ ಉಕ್ಕು ಕೊರಗುತ್ತಿತ್ತು, ಹಳೆಯ ಬಾಗಿಲಿನ ಹಾಗೆ.

"ಕೋತಿನ ಕರಿಯೋಣ" ಅಂದ ಸನ್ನೆಯಣ್ಣ. ಕೋತಿ ಅಂದರೆ ಅತ್ತೆಯ ಬದಲಿಗೆ ಬರುವ ಡ್ರೈವರು. ಅತ್ತೆಯೇ ಪಳಗಿಸಿದವನು, ಸರಸರ ಹತ್ತುತ್ತಾನೆ ಅಂತ ಆ ಹೆಸರು.

"ಬೇಡ. ಅವ್ನು ಬಂದ್ರೆ ಎಂಜಿನಿಯರ್‌ಗೆ ಗೊತ್ತಾಗತ್ತೆ. ನಾಳೆ ಕೆಲ್ಸ ಕೊಡ್ತಾರಾ ನಂಗೆ? ನಾನೇ ಬಿಟ್ಬರ್ತೀನಿ. ಹತ್ತು ನಿಮಿಷದ ಕೆಲ್ಸ."

"ಈ ಗಾಳೀಲಿ ಹತ್ತಬಾರ್ದು ಅಂತ ನೀನೇ ಎಲ್ಲರಿಗೂ ಪಾಠ ಹೇಳ್ತಿದ್ದೆ."

"ಪಾಠ ಹೇಳೋ ಕೆಲ್ಸ ಉಳಿಸ್ಕೊಳ್ಳೋಕೇ ಹತ್ತೋದು."

ಹತ್ತಿದಳು. ಮಧ್ಯದ ಕಟ್ಟೆಯವರೆಗೆ ಹತ್ತಿದಳು. ಅಲ್ಲಿ ಕಾಲು ನಿಂತಿತು. ಕಂಬಿಗೆ ಕೆನ್ನೆ ಒತ್ತಿ ತಬ್ಬಿಕೊಂಡಳು. ಕಂಬಿ ಕಂಪಿಸುತ್ತಿತ್ತು. ಒಂದು ಕಾಲು ಎತ್ತು, ಒಂದೇ ಕಾಲು, ಅಂತ ತನಗೆ ತಾನೇ ಬೈದುಕೊಂಡಳು. ಮಗಳನ್ನು ನೆನೆದಳು, ಮಾವನ ಬೆನ್ನು ನೆನೆದಳು. ಯಾರನ್ನು ನೆನೆದರೂ ಕಾಲು ಬರಲಿಲ್ಲ. ಮೇಲೆ ಹೋಗಲಾರಳು, ಇಳಿಯಲೊಲ್ಲಳು. ಕೆಳಗಿಂದ ಸನ್ನೆಯಣ್ಣ ಕೂಗುತ್ತಿದ್ದ, ಗಾಳಿ ಮಾತನ್ನು ನುಂಗುತ್ತಿತ್ತು.

ಕೊನೆಗೆ ಅವಳು ಕೆಳಗೆ ನೋಡಿದಳು. ಬಯಲಿನ ನಡುವೆ ಅವನು ಒಬ್ಬನೇ ನಿಂತಿದ್ದ. ಕೈ ಕೆಳಕ್ಕೆ ಚಾಚಿ, ಬೆರಳು ನೆಲಕ್ಕೆ ಮಾಡಿ, ನಿಧಾನಕ್ಕೆ ತಿರುಗಿಸುತ್ತಿದ್ದ. ಇಳಿಸು.

ಆಗಲ್ಲ ಅಂತ ಅತ್ತೆ ತಲೆಯಾಡಿಸಿದಳು. ಅವನು ನಿಲ್ಲಿಸಲಿಲ್ಲ. ಇಳಿಸು. ಇಳಿಸು. ಭಾರಕ್ಕೆ ಮಾಡುವ ಅದೇ ಸನ್ನೆ, ಅದೇ ಸಾವಧಾನ. ಬೇರೆ ಯಾರೇ ಹೇಳಿದ್ದರೂ ಅವಳು ಅಲ್ಲೇ ಅಂಟಿಕೊಂಡಿರುತ್ತಿದ್ದಳೋ ಏನೋ. ಆ ಕೈಗೆ ಎದುರಾಡಿ ಅಭ್ಯಾಸವಿರಲಿಲ್ಲ. ಒಂದು ಕಾಲು ಕೆಳಗಿಟ್ಟಳು.

ನೆಲ ಮುಟ್ಟಿದ ಮೇಲೆ ಮಣ್ಣಿನಲ್ಲೇ ಕುಕ್ಕರಿಸಿ, ಎಂಜಿನಿಯರಿಗೆ ತಾನೇ ಫೋನ್ ಮಾಡಿದಳು. "ಬ್ರೇಕ್ ಬಿಟ್ಟಿಲ್ಲ ಸಾರ್. ನಿನ್ನೆ ಮರೆತೆ. ಈಗ ನಂಗೆ ಹತ್ತೋಕಾಗ್ತಿಲ್ಲ. ರಸ್ತೆ ನಿಲ್ಲಿಸಿ, ಕೋತಿನ ಕಳ್ಸಿ."

ರಸ್ತೆ ನಿಲ್ಲಿಸಿದರು. ಅಂಗಡಿಗಳ ಜನರನ್ನು ಎಬ್ಬಿಸಿ ದೂರ ಕಳಿಸಿದರು. ಗಾಳಿ ಒಂದಿಷ್ಟು ಉಸಿರು ತೆಗೆದುಕೊಂಡ ಸಂದು ನೋಡಿ ಕೋತಿ ಹತ್ತಿದ. ಅವನು ಮೇಲೆ ಮುಟ್ಟುವವರೆಗೆ ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳಂತೆ. ತನ್ನ ತಪ್ಪಿಗೆ ಇನ್ನೊಬ್ಬರ ಮಗ ಅಲ್ಲಿ ನೇತಾಡುತ್ತಿದ್ದಾನೆ. ಆಮೇಲೆ ತೋಳು ಒಮ್ಮೆ ನಡುಗಿ, ಮೆಲ್ಲಗೆ ಹೊರಳಿ, ಉಳಿದೆರಡರ ಜೊತೆ ಸಾಲಿಗೆ ನಿಂತಿತು. ಏನೂ ಬೀಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಕೋತಿ ಇಳಿದು ಬಂದು, "ಅಕ್ಕ, ಆಗುತ್ತೆ ಬಿಡಿ" ಅಂದ. ಅತ್ತೆಗೆ ಅದೇ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು.

ಸೋಮವಾರ ಎಂಜಿನಿಯರ್ ತಗಡಿನ ಆಫೀಸಿನಲ್ಲಿ ಅವಳಿಗೆ ಕುರ್ಚಿ ಕೊಟ್ಟ. ಕೆಟ್ಟವನಲ್ಲ ಅವನು. ಬಾಗಿಲು ಹಾಕಿ ಬಂದು ಕುಳಿತ.

"ಮೇಲಿನವರಿಗೆ ನಾನೊಂದು ವರದಿ ಕಳಿಸ್ಬೇಕು ಮೇಡಂ. ಬ್ರೇಕ್ ಜಾಮ್ ಆಗಿತ್ತು ಅಂತ ಕಳಿಸ್ತೀನಿ. ನೀವು ಹೂಂ ಅಂದ್ರೆ ನಾಳೆಯಿಂದ ತರಬೇತಿ ಶಾಲೆ. ಇಷ್ಟು ವರ್ಷ ಒಂದು ಗೀರು ಬೀಳಿಸಿದವರಲ್ಲ ನೀವು."

ಅತ್ತೆಯ ಬಾಯಿಗೆ "ಹೂಂ" ಬಂದೇ ಬಂತಂತೆ. ಇದನ್ನು ಅವಳು ಮುಚ್ಚಿಡದೆ ಹೇಳಿದ್ದಾಳೆ. ಆ ಹೂಂ ನಾಲಿಗೆಯ ತುದಿಯಲ್ಲಿ ಕೂತಿತ್ತು, ಅದರ ಹಿಂದೆ ಮಗಳ ಓದು, ಮನೆ, ಎಲ್ಲ ಸಾಲಾಗಿ ನಿಂತಿದ್ದವು.

"ಜಾಮ್ ಅಂದ್ರೆ ಮೆಕಾನಿಕ್‌ನ ಕೇಳ್ತಾರಲ್ಲ ಸಾರ್?"

"ಕೇಳ್ತಾರೆ."

"ಹೋದ ವಾರ ತಾನೇ ಅವ್ನು ಬಿಚ್ಚಿ ಗ್ರೀಸ್ ಹಾಕಿದ್ದು."

"ಅವನಿಗಿನ್ನೂ ವಯಸ್ಸಿದೆ, ಎಲ್ಲಾದ್ರೂ ಕೆಲ್ಸ ಸಿಗತ್ತೆ. ನಿಮ್ಗೆ ಸಿಗಲ್ಲ. ಬಿಡಿಸಿ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ."

ಅವನ ಮಾತು ನೂರಕ್ಕೆ ನೂರು ನಿಜ. ಹೊರಗೆ ಕೋತಿ ಅವಳ ಕ್ರೇನನ್ನು ಓಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಜಾಮ್ ಆಗಿರ್ಲಿಲ್ಲ ಸಾರ್" ಅಂದಳು. "ನಂಗೆ ಹೆದರಿಕೆ. ತಿಂಗಳುಗಟ್ಲೆಯಿಂದ ಹೆದರಿಕೆ. ಮರೆತಿದ್ದೂ ಅದಕ್ಕೇ. ಅದನ್ನೇ ಕಳ್ಸಿ."

"ಹಾಗೆ ಕಳಿಸಿದ್ರೆ ಕ್ರೇನೂ ಹೋಗತ್ತೆ, ಶಾಲೆನೂ ಹೋಗತ್ತೆ."

"ಕೆಳಗೇನಾದ್ರೂ ಕೆಲ್ಸ ಇದ್ಯಾ? ಸ್ಟೋರು, ಗೇಟು, ಏನಾದ್ರೂ?"

ಅವನು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ. "ನೋಡ್ತೀನಿ" ಅಂದ. ನೋಡ್ತೀನಿ ಅಂದರೆ ಏನರ್ಥ ಅಂತ ನಿಮಗೂ ಗೊತ್ತು, ನಮ್ಮತ್ತೆಗೂ ಗೊತ್ತು.

ಗೇಟಿನಲ್ಲಿ ಮಾವ ಬೆನ್ನಿಗೆ ಕೈಯಾನಿಸಿ ಕಾಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಬಾಯಿ ತೆರೆದರೆ ನಾಲ್ಕು ಮಂದಿಯನ್ನು ನಗಿಸುವ ಆಸಾಮಿ, ಅವತ್ತು ಚಪ್ಪಲಿಯಲ್ಲಿ ನೆಲ ಕೆರೆಯುತ್ತ ನಿಂತ. ಕೊನೆಗೆ, "ಆ ಮೆಕಾನಿಕ್ ನಿಂಗೇನಾಗ್ಬೇಕು?" ಅಂದ.

"ಏನೂ ಆಗ್ಬೇಕಿಲ್ಲ."

"ಮತ್ತೆ ನಾವು?"

ಮನೆಯವರೆಗೂ ಇಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡು ನಡೆದರು.

ಸ್ಟೋರಿನ ಕರೆ ಬರಲಿಲ್ಲ. ವಾರ ಕಳೆದ ಮೇಲೆ ಅತ್ತೆ ಒಳ್ಳೆಯ ಸೀರೆ ಉಟ್ಟು ಕೆಲಸ ಕೇಳಲು ಹೊರಟಳು. ಮಾರುಕಟ್ಟೆ ಬೀದಿಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿ ಇದೆ. ಒಳಗೆ ಹಬೆ, ಸಾಬೂನಿನ ವಾಸನೆ, ರಾಶಿ ರಾಶಿ ಬಿಳಿ ಹೊದಿಕೆಗಳು, ಅವುಗಳ ನಡುವೆ ತಲೆಯೆತ್ತದೆ ಮಡಚುತ್ತಿದ್ದ ಹೆಂಗಸರು. ಮಾಲೀಕ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವಳ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವನಿದ್ದಿರಬಹುದು ಅಷ್ಟೆ.

"ಏನ್ ಕೆಲ್ಸ ಬರತ್ತಮ್ಮ ನಿಮ್ಗೆ?"

ಕ್ರೇನು ಅನ್ನಲು ಹೊರಟು ನುಂಗಿಕೊಂಡಳು. ಯೋಚಿಸಿದಳು. ಇಷ್ಟು ವರ್ಷ ಮಾಡಿದ್ದರಲ್ಲಿ ನೆಲದ ಮೇಲೆ ಉಪಯೋಗಕ್ಕೆ ಬರುವಂಥದ್ದು ಏನಿದೆ ಅಂತ ತಡಕಾಡಿದಳು.

"ಅವಸರ ಮಾಡ್ದೆ ಕೆಲ್ಸ ಮಾಡೋಕೆ ಬರತ್ತಪ್ಪ" ಅಂದಳು.

ಅವನು ನಕ್ಕ. "ಇಲ್ಲಿರೋದೆಲ್ಲ ಅವಸರದ್ದೇ ಕೆಲ್ಸ."

ಅತ್ತೆಯೂ ನಕ್ಕಳಂತೆ, ನಗದೆ ಇನ್ನೇನು ಮಾಡುವುದು. ಹೊರಗೆ ಬಂದು ಮುಖದ ಮೇಲಿನ ಹಬೆ ಒರೆಸಿಕೊಂಡಳು. ಬೀದಿಯಲ್ಲಿ ಇನ್ನೂ ಅಂಗಡಿಗಳಿದ್ದವು. ಪಕ್ಕದ್ದಕ್ಕೆ ಹೋಗಿ, "ಕೆಲ್ಸ ಏನಾದ್ರೂ ಇದ್ಯಾ?" ಅಂದಳು.